ಸೈಕಲ್ ಮೌಂಟ್‌ಗೆ ಯಾವುದು ಸರಿ: ಸ್ಪಂಜೋ, ಬೈಕ್ ಬುಷ್ಷೋ, ಹಳೇ ಟ್ಯೂಬೋ, ಕೇಬಲ್ಲೋ?

ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ಹ್ಯಾಂಡಲ್ ಮೇಲೆ ಫೋನ್, ಕ್ಯಾಮೆರಾ ಅದುರದಂತೆ ಕೂರಿಸಲು ಮನೆಯಲ್ಲಿ ಮಾಡಿ ನೋಡಿದ ಮೌಂಟ್‌ಗಳಲ್ಲಿ ನನಗೆ ಹಿಡಿಸಿದ್ದು ಹಳೇ ಬ್ರೇಕ್ ಕೇಬಲ್‌ನ ಸುರುಳಿ. ಅದರ ನಂತರದ ಜಾಗ ಪಂಕ್ಚರ್ ಆಗಿ ಬಿಸಾಡಿದ ಟ್ಯೂಬಿಗೆ. ಕೈಗೆ ಎಲ್ಲಕ್ಕಿಂತ ಮೆತ್ತಗೆ ಸಿಗುವ ಸ್ಪಂಜ್ ಕೊನೆಗೆ ಬಿತ್ತು.

ನನ್ನದು ಸಸ್ಪೆನ್ಷನ್ ಇಲ್ಲದ ಹೈಬ್ರಿಡ್ ಸೈಕಲ್. ಹ್ಯಾಂಡಲ್ ಮೇಲೆ ಒಮ್ಮೆ 200 ಗ್ರಾಂ ತೂಕದ ಫೋನ್ ಕೂರುತ್ತದೆ, ಒಮ್ಮೆ ಅದಕ್ಕಿಂತ ಹಗುರವಾದ ಆಕ್ಷನ್ ಕ್ಯಾಮೆರಾ. ರಸ್ತೆ ಬೆಂಗಳೂರಿನದ್ದೇ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್, ಕಿತ್ತುಹೋದ ಡಾಂಬರು, ಸಿಗ್ನಲ್‌ಗೆ ಮುಂಚೆ ಸಾಲಾಗಿ ಬರುವ ದಪ್ಪ ಬಿಳಿ ಪಟ್ಟಿಗಳು, ಎಲ್ಲವೂ ಇವೆ. ಅದುರು ಅಳೆಯಲು ಫೈಫಾಕ್ಸ್ ಎಂಬ ಆಪ್ ಬಳಸಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪೂರ್ತಿ ಉಚಿತ. ಫೋನ್ ಒಳಗಿನ ಸೆನ್ಸರ್‌ನಿಂದಲೇ ಯಾವ ವೇಗದ (ಅಂದರೆ ಸೆಕೆಂಡಿಗೆ ಎಷ್ಟು ಸಲದ) ಅದುರು ಎಷ್ಟು ಜೋರಾಗಿದೆ ಎಂದು ಗ್ರಾಫ್ ಹಾಕಿ ತೋರಿಸುತ್ತದೆ.

ಮೌಂಟ್ ಮಾಡುವ ಮುಂಚೆ ಒಂದು ಲೆಕ್ಕ ಗೊತ್ತಿರಬೇಕು. ಫೋನ್ ಇಟ್ಟಾಗ ಮೌಂಟ್ ಎಷ್ಟು ಕುಸಿಯುತ್ತದೆ ನೋಡಿ. 1 ಮಿ.ಮೀ. ಕುಸಿದರೆ ಅದರ ಸ್ವಂತ ತೂಗಾಟ ಸೆಕೆಂಡಿಗೆ ಸುಮಾರು 16 ಸಲ. 4 ಮಿ.ಮೀ. ಕುಸಿದರೆ 8 ಸಲ. ರಸ್ತೆಯ ಅದುರಿನ ವೇಗ ಇದರ 1.4 ಪಟ್ಟು ದಾಟಿದ ಮೇಲಷ್ಟೇ ಮೌಂಟ್ ಅದನ್ನು ತಡೆಯಲು ಶುರು ಮಾಡುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದಿರಲಿ, ಇರುವುದನ್ನೇ ಜಾಸ್ತಿ ಮಾಡುತ್ತದೆ.

ಸ್ಪಂಜ್ ಸೋತಿದ್ದು ಇಲ್ಲೇ. ಪ್ಯಾಕಿಂಗ್‌ಗೆ ಬರುವ ಮೆತ್ತನೆ ಸ್ಪಂಜ್ ಮೇಲೆ ಫೋನ್ ಕೂರಿಸಿದರೆ 3 ಮಿ.ಮೀ. ಸಲೀಸಾಗಿ ಕುಸಿಯುತ್ತದೆ. ಅಂದರೆ ತೂಗಾಟ 9ರ ಹತ್ತಿರ. ಬಿಳಿ ಪಟ್ಟಿಗಳು ಅರ್ಧ ಮೀಟರಿಗೊಂದು ಇವೆ ಅಂದುಕೊಳ್ಳಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ 10 ಪೆಟ್ಟು. ಎರಡೂ ಹೊಂದಿಕೊಂಡುಬಿಟ್ಟವು ಅಲ್ವಾ? ಫೋನ್ ತಂಜಾವೂರು ಗೊಂಬೆಯ ಹಾಗೆ ತಲೆ ಆಡಿಸುತ್ತದೆ. ನುಣುಪು ರಸ್ತೆಯಲ್ಲಿ ಸ್ಪಂಜ್ ಚೆನ್ನಾಗಿಯೇ ಇದೆ. ಆದರೆ ನುಣುಪು ರಸ್ತೆ ಇದ್ದರೆ ಮೌಂಟ್ ಯಾಕೆ ಬೇಕು?

ಬೈಕ್ ಬುಷ್‌ನ ಕಥೆ ಪೂರ್ತಿ ಉಲ್ಟಾ. ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಜೆ.ಸಿ. ರೋಡ್ ಕಡೆ ಪೆಟ್ರೋಲ್ ಟ್ಯಾಂಕ್ ಕೆಳಗೆ ಹಾಕುವ ಈ ರಬ್ಬರ್ ಸುಲಭವಾಗಿ ಸಿಗುತ್ತದೆ, ಗಟ್ಟಿಮುಟ್ಟಾಗಿಯೂ ಇರುತ್ತದೆ. ಆದರೆ ಅದು ತುಂಬಿದ ಟ್ಯಾಂಕಿನ ಭಾರ ಹೊರಲು ಮಾಡಿದ್ದು. 200 ಗ್ರಾಂ ಫೋನ್ ಅದಕ್ಕೆ ಯಾವ ಲೆಕ್ಕ? ಕೂದಲಷ್ಟೂ ಒತ್ತುವುದಿಲ್ಲ. ಗ್ರಾಫ್‌ನಲ್ಲಿ ಬುಷ್ ಹಾಕಿದ್ದಕ್ಕೂ ಹಾಕದಿದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಡ್ರೋನ್ ಕ್ಯಾಮೆರಾಗೆ ಹಾಕುವ ಸಿಲಿಕೋನ್ ರಬ್ಬರ್ ಗುಂಡುಗಳನ್ನೂ ನೋಡಿದೆ. ಸಣ್ಣ ಅದುರನ್ನು ಚೆನ್ನಾಗಿ ನುಂಗುತ್ತವೆ, ಗುಂಡಿ ಬಂದರೆ ಪ್ಲೇಟಿನಿಂದ ಕಿತ್ತುಕೊಂಡು ಬರುತ್ತವೆ. ಅಷ್ಟೇ.

ಟ್ಯೂಬ್‌ಗೆ ಒಂದು ಒಳ್ಳೇ ಗುಣ ಇದೆ. ಸೈಕಲ್ ಟ್ಯೂಬ್ ಸಾಮಾನ್ಯವಾಗಿ ಬ್ಯುಟೈಲ್ ರಬ್ಬರಿನದು. ಆ ರಬ್ಬರಿನ ಚೆಂಡು ಮಾಡಿ ನೆಲಕ್ಕೆ ಹಾಕಿದರೆ ಸರಿಯಾಗಿ ಪುಟಿಯುವುದೇ ಇಲ್ಲ, ಶಕ್ತಿಯನ್ನು ಒಳಗೇ ಶಾಖ ಮಾಡಿ ಮುಗಿಸಿಬಿಡುತ್ತದೆ. ನಮಗೆ ಬೇಕಾದದ್ದೂ ಅದೇ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಸುಮ್ನೆ ಕೊಡುತ್ತಾರೆ. ಪಟ್ಟಿ ಕತ್ತರಿಸಿ ಹ್ಯಾಂಡಲ್‌ಗೆ ಮೂರ್ನಾಲ್ಕು ಸುತ್ತು ಸುತ್ತಿ, ಮೇಲೆ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪ್ ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ಅಪ್ಪಚ್ಚಿಯಾಗಿ ಬುಷ್‌ನ ಗತಿಯೇ ಆಗುತ್ತದೆ. ಮ್ಯಾಪ್ ನೋಡಲು ಫೋನ್ ಇಡುವವರಿಗೆ ಇಷ್ಟು ಸಾಕು. ಹತ್ತು ನಿಮಿಷದ ಕೆಲಸ.

ವಿಡಿಯೋ ತೆಗೆಯುವವರಿಗೆ ಸಾಲದು. ಈಗಿನ ಕ್ಯಾಮೆರಾಗಳ ಸ್ಟೆಬಿಲೈಸೇಷನ್ ನಿಧಾನದ ದೊಡ್ಡ ಕುಲುಕಾಟವನ್ನು ಸರಿ ಮಾಡುತ್ತದೆ. ವಿಡಿಯೋದ ಒಂದೇ ಫ್ರೇಮ್ ಒಳಗೆ ಆಗುವ ವೇಗದ ಅದುರು ಅದರ ಕೈಗೆ ಸಿಗುವುದಿಲ್ಲ. ಚಿತ್ರ ಮಸುಕಾಗುತ್ತದೆ, ಕಂಬಗಳು ಅಲೆಅಲೆಯಾಗಿ ಬಾಗುತ್ತವೆ. ಆ ವೇಗದ ಅದುರನ್ನು ಮೌಂಟೇ ತಡೆಯಬೇಕು.

ಅಲ್ಲಿ ಕೇಬಲ್ ಕೆಲಸಕ್ಕೆ ಬರುತ್ತದೆ. ಎರಡು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕೇಬಲ್ ಅನ್ನು ಸ್ಪ್ರಿಂಗ್ ತರಹ ಸುತ್ತಿ, ಮೇಲೂ ಕೆಳಗೂ ಇನ್ನೂ ಒಂದೊಂದು ಪಟ್ಟಿ ಇಟ್ಟು ಸಣ್ಣ ಬೋಲ್ಟ್‌ಗಳಿಂದ ಕಚ್ಚಿಸಬೇಕು. ಕೇಬಲ್ ಬಾಗಿದಾಗ ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟ ಕುಣಿತವನ್ನು ಬೇಗ ನಿಲ್ಲಿಸುತ್ತದೆ. ಸೈನ್ಯದ ವಾಹನ, ಹಡಗುಗಳ ಉಪಕರಣಗಳ ಕೆಳಗೂ ಇದೇ ಉಪಾಯದ ದೊಡ್ಡ ಸುರುಳಿಗಳಿರುತ್ತವೆ. ಬಿಳಿ ಪಟ್ಟಿಗಳ ಮೇಲೂ ಫೋನ್ ಒಮ್ಮೆ ಅಲ್ಲಾಡಿ ಸುಮ್ಮನಾಯಿತು. ಸ್ಪಂಜ್‌ನಲ್ಲಿ ಹೀಗಾಗಲೇ ಇಲ್ಲ.

ಫೋನಿಗೆ 1.5 ಮಿ.ಮೀ. ಬ್ರೇಕ್ ಕೇಬಲ್ ಸರಿಹೋಯಿತು. ಹಗುರ ಕ್ಯಾಮೆರಾಗೆ ಅದು ಬಿರುಸು, 1.2 ಮಿ.ಮೀ. ಗೇರ್ ಕೇಬಲ್ ಒಳ್ಳೆಯದು. ಇನ್ನೂ ಮೆತ್ತಗೆ ಬೇಕಾದರೆ ಸುರುಳಿ ಸ್ವಲ್ಪ ದೊಡ್ಡದು ಮಾಡಿ. ಸ್ವಲ್ಪ ಅಂದರೆ ಸ್ವಲ್ಪವೇ. ಅಗಲ ಎರಡು ಪಟ್ಟಾದರೆ ಬಿಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ! ತುಕ್ಕು ಹಿಡಿದ ಕೇಬಲ್ ಬೇಡ, ಎಳೆ ತುಂಡಾಗಿ ಬೆರಳಿಗೆ ಚುಚ್ಚುತ್ತದೆ.

2021ರಲ್ಲಿ ಆಪಲ್ ಒಂದು ಎಚ್ಚರಿಕೆ ಕೊಟ್ಟಿತ್ತು. ದೊಡ್ಡ ಬೈಕ್ ಎಂಜಿನ್‌ಗಳ ಅದುರಿನಿಂದ ಫೋನ್ ಕ್ಯಾಮೆರಾ ಹಾಳಾಗಬಹುದು, ಸ್ಕೂಟರ್‌ಗಳಲ್ಲಿ ಅದುರು ತಡೆಯುವ ಮೌಂಟ್ ಬಳಸಿ ಎಂದು. ಸೈಕಲ್‌ಗೆ ಎಂಜಿನ್ ಇಲ್ಲ, ಆ ಭಯ ಕಡಿಮೆ.

ಅಲ್ಯೂಮಿನಿಯಂ ಪಟ್ಟಿ ಕೊರೆಯಲು ಡ್ರಿಲ್ ಇಲ್ಲವೇ? ಮೊದಲು ಟೈರ್ ಗಾಳಿ ಸ್ವಲ್ಪ ಇಳಿಸಿ ನೋಡಿ. ಟೈರ್ ಪಕ್ಕದಲ್ಲಿ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ. ನನ್ನ ಗ್ರಾಫ್‌ನಲ್ಲಿ ಬುಷ್ ಮಾಡದ್ದನ್ನು ಇದು ಮಾಡಿತು, ಅದೂ ಬಿಟ್ಟಿಯಾಗಿ. ಕೇಬಲ್ ಮೌಂಟ್ ಮಾಡುವವರು ಬೋಲ್ಟ್‌ಗಳಿಗೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ, ಮಾಮೂಲಿ ನಟ್ ಅದುರಿ ಸಡಿಲವಾಗುತ್ತದೆ. ಕ್ಯಾಮೆರಾದಿಂದ ಹ್ಯಾಂಡಲ್‌ಗೆ ಒಂದು ನೈಲಾನ್ ದಾರವೂ ಇರಲಿ. ಕಳಚಿದರೂ ಮುಂದಿನ ಚಕ್ರಕ್ಕೆ ಮುಟ್ಟದಷ್ಟು ಗಿಡ್ಡ ಇರಬೇಕು.