ಪಿಕೊಸಿಟಿಎಫ್, ಇನ್‌ಸಿಟಿಎಫ್, ಡೆಫ್‌ಕಾನ್: ಎಲ್ಲಿಂದ ಶುರು ಮಾಡೋದು?

ಕಾಸರಗೋಡಿನ ಬದಿಯಡ್ಕದ ನಮ್ಮ ನೆರೆಮನೆ ಹುಡುಗ ಪ್ಲಸ್ ಟು ಓದುತ್ತಿದ್ದಾನೆ. "ಅಣ್ಣಾ, ಹ್ಯಾಕಿಂಗ್ ಸ್ಪರ್ಧೆಗೆ ಸೇರಬೇಕು, ಯಾವುದು ಆಗಬಹುದು?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಟಿಎಫ್ ಅಂದರೆ 'ಕ್ಯಾಪ್ಚರ್ ದಿ ಫ್ಲ್ಯಾಗ್', ಹ್ಯಾಕಿಂಗ್ ಕೌಶಲದ ಸ್ಪರ್ಧೆ.

ಮೊದಲ ಸಲವಾದರೆ ಕಣ್ಣು ಮುಚ್ಚಿ ಪಿಕೊಸಿಟಿಎಫ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2013ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಒಂದೊಂದು ಒಗಟು ಬಿಡಿಸಿದರೆ ಒಳಗೆ ಅಡಗಿಸಿಟ್ಟ 'ಫ್ಲ್ಯಾಗ್' (ಒಂದು ಗುಟ್ಟಿನ ಅಕ್ಷರಸಾಲು) ಸಿಗುತ್ತದೆ, ಅದಕ್ಕೆ ಅಂಕ. ಲಿನಕ್ಸ್ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ಬ್ರೌಸರ್‌ನಲ್ಲೇ ತೆರೆಯುವುದರಿಂದ ಹಳೆಯ ಲ್ಯಾಪ್‌ಟಾಪ್ ಸಾಕು. ನನಗೆ ಜಾಸ್ತಿ ಇಷ್ಟವಾಗಿದ್ದು ಪಿಕೊಜಿಮ್: ಸ್ಪರ್ಧೆ ಮುಗಿದ ಮೇಲೂ ಹಳೆಯ ಒಗಟುಗಳು ಅಲ್ಲೇ ಇರುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಯಿತಾ? ನಾಳೆ ಮುಂದುವರಿಸಿದರಾಯಿತು. ಗಡುವಿರುವ ಸ್ಪರ್ಧೆಯಲ್ಲಿ ಈ ಸುಖ ಇಲ್ಲ ಅಲ್ವಾ?

ಇನ್‌ಸಿಟಿಎಫ್ ನಮ್ಮ ಕೇರಳದ್ದೇ. ಕೊಲ್ಲಂ ಜಿಲ್ಲೆಯ ಅಮೃತಪುರಿಯ ಅಮೃತ ವಿಶ್ವವಿದ್ಯಾಲಯದ ಬಯೋಸ್ ಎಂಬ ಸೈಬರ್ ಭದ್ರತಾ ತಂಡದ ಕೂಸು. ಶಾಲಾ ಮಕ್ಕಳಿಗೆ ಬೇರೆಯೇ ಜೂನಿಯರ್ ವಿಭಾಗ ಇದೆ. ಕಾಲೇಜಿನವರು ಮೂರು–ನಾಲ್ಕು ಜನ ಸೇರಿ ಆಡುವುದಾದರೆ ನನ್ನ ಓಟು ಇದಕ್ಕೆ. ಕ್ರಿಪ್ಟೊ (ಗುಪ್ತಲಿಪಿ ಬಿಡಿಸುವುದು) ಒಬ್ಬನಿಗೆ, ವೆಬ್ (ಜಾಲತಾಣದ ದೋಷ ಹುಡುಕುವುದು) ಇನ್ನೊಬ್ಬಳಿಗೆ ಅಂತ ಹಂಚಿಕೊಳ್ಳಿ.

ಡೆಫ್‌ಕಾನ್ ಸಿಟಿಎಫ್ ಬೇರೆಯೇ ಲೋಕ; ಡೆಫ್‌ಕಾನ್ ಅಂದರೆ ಹ್ಯಾಕರ್‌ಗಳ ದೊಡ್ಡ ಸಮ್ಮೇಳನ. ಆನ್‌ಲೈನ್ ಅರ್ಹತಾ ಸುತ್ತು ಗೆದ್ದವರು ಲಾಸ್ ವೇಗಸ್‌ಗೆ ಹೋಗುತ್ತಾರೆ. ಅಲ್ಲಿ ನಿಮ್ಮ ಸರ್ವರ್ ಕಾಪಾಡಿಕೊಳ್ಳುತ್ತಲೇ ಎದುರಾಳಿಯದ್ದಕ್ಕೆ ನುಗ್ಗಬೇಕು. ಕೆಲಸದಲ್ಲಿರುವ ಪಳಗಿದವರ ಆಟ ಇದು.

ಹುಡುಗ ಅವತ್ತು ರಾತ್ರಿಯೇ ಪಿಕೊಜಿಮ್‌ನಲ್ಲಿ ಖಾತೆ ತೆರೆದ. ಸೀಸರ್ ಸೈಫರ್ (ಅಕ್ಷರಗಳನ್ನು ಕೆಲವು ಸ್ಥಾನ ಮುಂದೆ ಸರಿಸಿ ಬರೆಯುವ ಹಳೆಯ ಗುಪ್ತಲಿಪಿ) ಹತ್ತಿರ ಸಿಕ್ಕಿಬಿದ್ದಿದ್ದಾನಂತೆ.