ಸೇನ್ ನದಿಯ ಬಲದಂಡೆಯಲ್ಲಿ ಸೈಕಲ್ ಸವಾರಿ: ವರ್ನೋನ್‌ನಿಂದ ವೆತೆಯ್‌ವರೆಗೆ

ಪ್ಯಾರಿಸ್ಸಿನಿಂದ ಸಮುದ್ರದವರೆಗೆ ಸೇನ್ ನದಿಯ ಗುಂಟ ಸಾಗುವ ‘ಲಾ ಸೇನ್ ಆ ವೆಲೊ’ ಎಂಬ ಸೈಕಲ್ ಮಾರ್ಗವು 2020ರಲ್ಲಿ ಸವಾರರಿಗೆ ತೆರೆದುಕೊಂಡಿತು. ಅದರ ಉದ್ದ 430 ಕಿ.ಮೀ.; ಅಷ್ಟನ್ನೂ ತುಳಿಯುವ ವ್ಯವಧಾನವಾಗಲಿ, ಮೊಣಕಾಲುಗಳಾಗಲಿ ಎಲ್ಲರಿಗೂ ಇರುವುದಿಲ್ಲ. ಕಲಬುರಗಿಯಿಂದ ಹೋಗಿದ್ದ ನಾವು ಕೆಲವು ಚಿತ್ರಕಲಾ ಶಿಕ್ಷಕರು ವರ್ನೋನ್ ಪಟ್ಟಣದಿಂದ ಜಿವರ್ನಿಯ ಮೂಲಕ ವೆತೆಯ್ ಎಂಬ ಹಳ್ಳಿಯವರೆಗಿನ, ಸುಮಾರು 30 ಕಿ.ಮೀ. ಆಗುವ ಬಲದಂಡೆಯ ದಾರಿಯನ್ನಷ್ಟೇ ಆರಿಸಿಕೊಂಡೆವು; ಇದರಲ್ಲಿ ಸ್ವಲ್ಪ ಭಾಗ ಸೈಕಲ್ ಪಥ, ಉಳಿದದ್ದು ಹಳ್ಳಿಗಳ ನಡುವಿನ ಸಣ್ಣ ರಸ್ತೆ. ಬಹುತೇಕ ಪ್ರವಾಸಿಗರು ಮೊದಲ 5 ಕಿ.ಮೀ. ತುಳಿದು, ಜಿವರ್ನಿಯಲ್ಲಿರುವ ಚಿತ್ರಕಾರ ಕ್ಲೋದ್ ಮೋನೆಯ ತೋಟವನ್ನು ನೋಡಿ ಹಿಂದಿರುಗಿಬಿಡುತ್ತಾರೆ. ಚಿತ್ರ ಬರೆಯುವವರಿಗೆ ಬೇಕಾದ ಸರಕು ಇರುವುದು ಆ ತೋಟದ ಆಚೆಗೆ ಎಂಬುದು ನನ್ನ ಅಭಿಪ್ರಾಯ.

ಪ್ಯಾರಿಸ್ಸಿನ ಸೇಂಟ್ ಲಾಜಾರ್ ನಿಲ್ದಾಣದಿಂದ ವರ್ನೋನ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ತಾಸು. ನಿಲ್ದಾಣದ ಹತ್ತಿರವೇ ಬಾಡಿಗೆ ಸೈಕಲ್ಲುಗಳು ಸಿಗುತ್ತವೆ. ನಮ್ಮವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ರಸ್ತೆಯ ಬಲಬದಿಗೆ ಹೋಗಬೇಕೆಂಬುದು ಎಲ್ಲರಿಗೂ ನೆನಪಿರುತ್ತದೆ, ಆದರೆ ಅಲ್ಲಿನ ಸೈಕಲ್ಲಿನಲ್ಲಿ ಎಡಗೈಯ ಬ್ರೇಕು ಮುಂದಿನ ಗಾಲಿಯದ್ದು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಇಳಿಜಾರಿನಲ್ಲಿ ಗಾಬರಿಯಾಗಿ ಎಡಗೈಯನ್ನು ಬಿಗಿಯಾಗಿ ಒತ್ತಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬೀಳಬಹುದು.

ವರ್ನೋನ್‌ನಿಂದ ಜಿವರ್ನಿಗೆ ಹೋಗುವ ಪಥವನ್ನು ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿರುವುದರಿಂದ ಏರಿಳಿತವೇ ಇಲ್ಲ. ಮೋನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆ, 1893ರಲ್ಲಿ ಜಾಗ ಕೊಂಡು ಎಪ್ಟ್ ಹೊಳೆಯ ಕವಲಿನಿಂದ ನೀರು ಹರಿಸಿ ಮಾಡಿಸಿದ ತಾವರೆಕೊಳ, ಎರಡೂ ಸುಂದರವಾಗಿವೆ. ಆದರೆ ಒಂದು ಕಡೆ ನಿಂತು ನೋಡಲು ಜನಜಂಗುಳಿ ಬಿಡುವುದಿಲ್ಲ. ಇಷ್ಟು ಹೇಳಿದರೆ ಸಾಕು.

ಅಲ್ಲಿಂದ ಸ್ವಲ್ಪ ಮುಂದಿರುವ ಲಿಮೆ ಹಳ್ಳಿಯ ಹತ್ತಿರ ಎಪ್ಟ್ ಹೊಳೆಯ ದಂಡೆಯ ಪಾಪ್ಲರ್ ಮರಗಳನ್ನು ಮೋನೆ 1891ರಲ್ಲಿ ಒಂದು ಸರಣಿಯಾಗಿ ಚಿತ್ರಿಸಿದ. ಊರಿನವರು ಆ ಮರಗಳನ್ನು ಹರಾಜಿಗಿಟ್ಟಾಗ, ಚಿತ್ರಗಳು ಮುಗಿಯುವವರೆಗೆ ಕಡಿಯಬಾರದೆಂದು ಆತ ಮರದ ವ್ಯಾಪಾರಿಯ ಜೊತೆ ಕೂಡಿ ತಾನೂ ಹಣ ಹಾಕಿದ. ಹೊಳೆಯಲ್ಲಿ ದೋಣಿ ನಿಲ್ಲಿಸಿಕೊಂಡು, ಬೆಳಕು ಬದಲಾದಂತೆ ಒಂದು ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಆ ಮರಗಳು ಈಗ ಇಲ್ಲ. ಹೊಳೆ ಮಾತ್ರ ಎಷ್ಟು ಕಿರಿದೆಂದರೆ, ನೀರಿನಲ್ಲಿ ಕೂತವನ ಕಣ್ಣಿಗೆ ಕಾಂಡಗಳು ಕಂಬಗಳಂತೆ ಚೌಕಟ್ಟನ್ನು ಮೇಲಿಂದ ಕೆಳಗೆ ಸೀಳಿ ಕಂಡದ್ದೇಕೆಂದು ಅಲ್ಲಿ ನಿಂತಾಗಲೇ ತಿಳಿಯುತ್ತದೆ.

ಬೆನ್‌ಕೂರ್ ಹಳ್ಳಿ ಈ ದಾರಿಯ ದುರ್ಬಲ ಭಾಗ. ಮೋನೆ 1868ರಲ್ಲಿ ಇಲ್ಲಿನ ದಂಡೆಯನ್ನು ಚಿತ್ರಿಸಿದ್ದಾನೆಂಬ ಆಸೆಯಿಂದ ಹೋದರೆ, ಬಹಳಷ್ಟು ಕಡೆ ಮನೆಗಳ ಕಾಂಪೌಂಡುಗಳು ನದಿಯನ್ನು ಮರೆಮಾಡಿವೆ. ಜೊತೆಗಿದ್ದ ಹಿರಿಯ ಮಾಸ್ತರರು, “ಹೊಳಿ ಎಲ್ಲಿ ಅದರಿ ಸರ್, ಬರೇ ಗೋಡಿನೇ ತೋರಸ್ಲಿಕತ್ತೀರಿ” ಎಂದದ್ದು ನ್ಯಾಯವೇ ಆಗಿತ್ತು.

ನದಿ ಕಂಡಲ್ಲೆಲ್ಲ ಗಮನಿಸಬೇಕಾದ್ದು ನೀರಿನ ಮಟ್ಟ. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಕ್ಕುವ, ಬೇಸಿಗೆಯಲ್ಲಿ ಮರಳು ತೋರಿಸುವ ಭೀಮೆಯನ್ನು ನೋಡಿ ಬೆಳೆದ ನಮಗೆ ಸೇನ್ ಒಂದು ಉದ್ದನೆಯ ಕೆರೆಯ ಹಾಗೆ ಕಂಡಿತು. ಸರಕುದೋಣಿಗಳ ಓಡಾಟಕ್ಕಾಗಿ ಒಡ್ಡುಗಳನ್ನೂ, ದೋಣಿಗಳನ್ನು ಏರಿಸಿ ಇಳಿಸುವ ನೀರ್ಗಟ್ಟೆಗಳನ್ನೂ (ಲಾಕ್) ಕಟ್ಟಿ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದಿರುವುದರಿಂದ ಹರಿವು ನಿಧಾನ, ಮೇಲ್ಮೈ ಸಮತಟ್ಟು. ಪ್ರತಿಬಿಂಬಗಳನ್ನೇ ಬರೆಯಬೇಕೆಂದು ಹಟ ಹಿಡಿದ ಕಲಾವಿದರಿಗೆ ಇದರಿಂದ ಅನುಕೂಲವೇ ಆಗಿರಬೇಕು.

ಲಾ ರೋಶ್ ಗುಯಾನ್‌ನಲ್ಲಿ ದಂಡೆಯ ಮೇಲೆ ಸೀಮೆಸುಣ್ಣದ ಬಿಳಿ ಬಂಡೆ ಗೋಡೆಯಂತೆ ಎದ್ದು ನಿಂತಿದೆ. ಶಹಾಬಾದಿನ ಫರಸಿ ಕಲ್ಲೂ ಸುಣ್ಣದ ಕಲ್ಲೇ ಆದರೂ ಅದು ಉಗುರಿಗೆ ಜಗ್ಗುವುದಿಲ್ಲ. ಇಲ್ಲಿಯದನ್ನು ಬೆರಳಿನಿಂದ ಉಜ್ಜಿದರೆ ಪುಡಿ ಕೈಗೆ ಅಂಟುತ್ತದೆ, ಅದರಿಂದಲೇ ಕಪ್ಪು ಕಾಗದದ ಮೇಲೆ ಗೆರೆ ಎಳೆಯಬಹುದು. ಹೀಗೆ ಮೆತ್ತಗಿರುವುದರಿಂದಲೇ ಪಕ್ಕದ ಓತ್ ಈಲ್ ಹಳ್ಳಿಯಲ್ಲಿ 17ನೆಯ ಶತಮಾನದಲ್ಲಿ ಇಡೀ ಚರ್ಚನ್ನು ಬಂಡೆಯೊಳಗೆ ಕೊರೆದರು. 1885ರ ಬೇಸಿಗೆಯಲ್ಲಿ ಚಿತ್ರಕಾರ ಸೆಜಾನ್ ಲಾ ರೋಶ್ ಗುಯಾನ್‌ನಲ್ಲಿ ಇನ್ನೊಬ್ಬ ಚಿತ್ರಕಾರ ರೆನ್ವಾರ್‌ನ ಬಳಿ ಉಳಿದುಕೊಂಡಿದ್ದ. 1909ರಲ್ಲಿ ಚಿತ್ರಕಾರ ಬ್ರಾಕ್ ಬಂದು ಕೋಟೆಯನ್ನೂ ಮನೆಗಳನ್ನೂ ಕೋನಗಳ ರಾಶಿಯಾಗಿ ಒಡೆದು ಕಟ್ಟಿದ. ಹೀಗೆ ಕೋನಗಳಲ್ಲಿ ಕಟ್ಟುವ ಕ್ಯೂಬಿಸಂ ಶೈಲಿಯ ಪಾಠ ಮಾಡುವವರು ಇಲ್ಲಿ ಒಂದು ಮಧ್ಯಾಹ್ನ ಕೂಡಲೇಬೇಕು. ಹಳ್ಳಿಗಳಲ್ಲಿ ಮಧ್ಯಾಹ್ನ ಅಂಗಡಿಗಳು ಮುಚ್ಚಿರುವುದುಂಟು. ನಾವು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಉಪಯೋಗಕ್ಕೆ ಬಂದವು.

ಕೊನೆಯ ಊರು ವೆತೆಯ್. ಕೈಯಲ್ಲಿ ಕಾಸಿಲ್ಲದ ಮೋನೆ 1878ರಿಂದ 1881ರವರೆಗೆ ಇಲ್ಲಿದ್ದ; 1879ರ ಸೆಪ್ಟೆಂಬರಿನಲ್ಲಿ ಹೆಂಡತಿ ಕಮೀಲ್ ತೀರಿಕೊಂಡಾಗ ಆಕೆಯ ಮುಖದ ಮೇಲೆ ಬದಲಾಗುತ್ತಿದ್ದ ಬಣ್ಣಗಳನ್ನು ಚಿತ್ರಿಸಿದ. ಆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ 1880ರ ಜನವರಿಯಲ್ಲಿ ಒಡೆದು ಮಂಜುಗಡ್ಡೆಗಳು ತೇಲಿದ್ದನ್ನೂ ಸರಣಿಯಾಗಿ ಬರೆದ. ಕಮೀಲ್‌ಳ ಸಮಾಧಿ ಊರಿನಲ್ಲೇ ಇದೆ. ಅಮೆರಿಕದ ಅಮೂರ್ತ ಕಲಾವಿದೆ ಜೋನ್ ಮಿಚೆಲ್ ಕೂಡ 1968ರಿಂದ ತನ್ನ ಕೊನೆಯವರೆಗೆ ಇದೇ ಊರಿನಲ್ಲಿದ್ದಳು. ಒಂದೇ ಕೊರತೆ: ಮೋನೆ ಊರನ್ನು ಚರ್ಚಿನ ಸಮೇತ ಚಿತ್ರಿಸಿದ ಹಲವು ನೋಟಗಳು ಎದುರು ದಂಡೆಯ ಲಾವಕೂರ್‌ನವು, ಮತ್ತು ವೆತೆಯ್‌ನಲ್ಲಿ ಸೇತುವೆಯಿಲ್ಲ.

ಜಿವರ್ನಿಯ ತೋಟ ತೆರೆದಿರುವುದು ಏಪ್ರಿಲ್ ಮೊದಲ ದಿನದಿಂದ ನವೆಂಬರ್ ಮೊದಲ ದಿನದವರೆಗೆ ಮಾತ್ರ. ಮುಚ್ಚಿದ ಮೇಲೆ ಹೋಗಿ ಫಲವಿಲ್ಲವೆಂದು ಹಿಂಜರಿಯುವವರಿಗೆ ನನ್ನ ಸಲಹೆಯೆಂದರೆ, ಒಳ್ಳೆಯ ಕೈಗವಸು ತೊಟ್ಟು ಆಗಲೇ ಹೋಗಿ, ಜಿವರ್ನಿಯಲ್ಲಿ ನಿಲ್ಲದೆ ನೇರವಾಗಿ ವೆತೆಯ್ ಕಡೆಗೆ ಸಾಗುವುದು.