ನಾಲ್ಕು ತರ ಗುಲಾಶ್, ಒಂದೇ ಪಾತ್ರೆ: ನಮ್ಮನೇಲಿ ಯಾವ್ದು ನಿಲ್ತು

ಜರ್ಮನಿಗೆ ಬಂದ್ಮೇಲೆ ಚಳಿಗಾಲ ಶುರುವಾದ್ರೆ ಸಾಕು ನಮ್ಮನೇಲಿ ಗುಲಾಶ್ ಕಾಟ, ಅಂದ್ರೆ ಮಾಂಸ, ಈರುಳ್ಳಿ ಹಾಕಿ ನಿಧಾನಕ್ಕೆ ಬೇಯಿಸೋ ಈ ಕಡೆಯ ಸಾರು. ಒಂದೇ ಪಾತ್ರೆ, ಒಂದ್ಸಲ ಒಲೆ ಹಚ್ಚಿದ್ರೆ ನಾಲ್ಕು ಜನಕ್ಕೆ ಎರಡು ಹೊತ್ತು ನಡ್ಯತ್ತೆ, ಇನ್ನೇನು ಬೇಕು. ಆದ್ರೆ ಒಬ್ಬೊಬ್ರು ಹೇಳೋ ಗುಲಾಶ್ ಒಂದೊಂದು. ಹಂಗೇರಿದು ತೆಳ್ಳಗೆ ಸಾರು, ವಿಯೆನ್ನಾದ್ದು ಗಟ್ಟಿ ಗೊಜ್ಜು, ಅಮೆರಿಕದಲ್ಲಿ ಕೈಮಾ ಹಾಕಿದ ಮ್ಯಾಕರೋನಿಗೂ ಅದೇ ಹೆಸರು, ಇವೆಲ್ಲದ್ರ ಪಕ್ಕ ಬರೀ ಆಲೂಗಡ್ಡೆದೊಂದು ಬಡವರ ಗುಲಾಶ್. ನಾಲ್ಕೂ ಮಾಡಿ ತಿಂದು ನೋಡಿದೀನಿ. ದುಡ್ಡು ಉಳಿಸೋಕೆ ಮಾಂಸ ಎಷ್ಟು ಬೇಕಾದ್ರೂ ಕಡಿಮೆ ಮಾಡ್ಬಹುದು ಸ್ವಾಮಿ, ಈರುಳ್ಳಿ ಮತ್ತೆ ಪ್ಯಾಪ್ರಿಕಾ ಪುಡಿಗೆ (ಖಾರ ಕಮ್ಮಿ ಇರೋ ಕೆಂಪು ಮೆಣಸಿನಕಾಯಿ ಪುಡಿ) ಮಾತ್ರ ಕೈ ಬಿಗಿ ಮಾಡ್ಬಾರ್ದು.

ರುಚೀಲಿ ಮೊದಲನೇದು ವಿಯೆನ್ನಾದ್ದೇ, ನಂಗೆ ಅದ್ರಲ್ಲಿ ಅನುಮಾನ ಇಲ್ಲ. ಲೆಕ್ಕ ಸುಲಭ, 1 ಕೆಜಿ ಬೀಫ್‌ಗೆ 1 ಕೆಜಿ ಈರುಳ್ಳಿ. ಹೌದು ಸರಿಯಾಗೇ ಓದಿದ್ರಿ, ಸಮ ಸಮ. ಈರುಳ್ಳಿನ ಸಣ್ಣ ಉರೀಲಿ ಅರ್ಧ ಗಂಟೆ ಮೇಲೆ ಬಾಡಿಸಿ ಕಂದು ಬಣ್ಣಕ್ಕೆ ತರ್ಬೇಕು, ಆಮೇಲೆ ಪಾತ್ರೆ ಕೆಳಗಿಳಿಸಿ 4-5 ಚಮಚ ಸಿಹಿ ಪ್ಯಾಪ್ರಿಕಾ ಹಾಕಿ ಕಲಸಿ ತಕ್ಷಣ ಒಂಚೂರು ವಿನಿಗರ್, ನೀರು ಸುರೀಬೇಕು, ಯಾಕಂದ್ರೆ ಆ ಪುಡೀಲಿ ಸಕ್ಕರೆ ಅಂಶ ಜಾಸ್ತಿ, ಉರಿ ಮೇಲೇ ಬಿಟ್ರೆ ಕ್ಷಣದಲ್ಲಿ ಸೀದು ಕಹಿ ಆಗತ್ತೆ. ಮತ್ತೆ ಬೆಳ್ಳುಳ್ಳಿ, ಕ್ಯಾರವೇ ಕಾಳು (ನೋಡೋಕೆ ಜೀರಿಗೆ, ಘಮ ಬೇರೆ), ಒಣಗಿದ ಮರುಗ. ನಮ್ಮಲ್ಲಿ ಹೂವಿನ ಜೊತೆ ಕಟ್ಟಿ ಮುಡಿಯೋ ಮರುಗ ಇಲ್ಲಿ ಮಾಂಸದ ಪಾತ್ರೆಗೆ ಬೀಳತ್ತೆ, ಮೊದಮೊದ್ಲು ದೇವರ ಕೋಣೇಲಿ ಅಡುಗೆ ಮಾಡ್ತಿದೀನೇನೋ ಅನ್ಸೋದು. ಮೈದಾ ಹಾಕಿ ಗಟ್ಟಿ ಮಾಡೋ ಕೆಲ್ಸ ಇಲ್ಲ, ಎರಡೂವರೆ ಮೂರು ಗಂಟೆ ಕುದ್ದ್ರೆ ಈರುಳ್ಳಿ ಕರಗಿ ತಾನೇ ಗಟ್ಟಿ ಆಗತ್ತೆ.

ಮಾಂಸದ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಅಂಗಡೀಲಿ ಗುಲಾಶ್‌ಗೆ ಅಂತಲೇ ತುಂಡು ಮಾಡಿಟ್ಟಿರೋದನ್ನ ನಾನು ತಗೊಳಲ್ಲ, ಕೊಬ್ಬು ನರ ಇಲ್ದಿರೋ ತುಂಡಾದ್ರೆ ಎಷ್ಟು ಬೇಯಿಸಿದ್ರೂ ಒಣ ಒಣ. ಮೊಣಕಾಲ ಕೆಳಗಿನ ಮಾಂಸ ಕೇಳಿ ತಗೊಳ್ಳಿ, ಅದ್ರಲ್ಲಿರೋ ನರ, ಜವ್ವು ನಿಧಾನಕ್ಕೆ ಕರಗಿ ರಸಕ್ಕೆ ಅಂಟು ಕೊಡತ್ತೆ, ನಾನು ತಗೊಳೋ ಕಡೆ ರೇಟೂ ಕಡಿಮೆ. ಕರೆಂಟ್ ಬಿಲ್ ಯೋಚನೆ ಇದ್ರೆ ಈರುಳ್ಳಿ ಹುರಿಯೋ ತನಕ ತಾಳ್ಮೆ ಇಟ್ಕೊಂಡು ಮಿಕ್ಕಿದ್ದು ಕುಕ್ಕರ್‌ಗೆ ಹಾಕಿ, 40 ನಿಮಿಷ ಸಾಕು, ಕೊನೇಲಿ ಮುಚ್ಚಳ ತೆಗೆದು ರಸ ಬತ್ತಿಸಿ. ಮಾರನೇ ದಿನಕ್ಕೆ ಇನ್ನೂ ರುಚಿ. ಆದ್ರೂ ಒಂದು ಕೆಜಿ ಮಾಂಸ ಅಂದ್ರೆ ಭಾನುವಾರದ ಅಡುಗೆನೇ, ದಿನಾ ಮಾಡೋಕಾಗಲ್ಲ.

ಹಂಗೇರಿದು ದನ ಕಾಯೋರ ಅಡುಗೆ. ಅಲ್ಲಿನ ಬಯಲಲ್ಲಿ ದೊಡ್ಡ ಕಡಾಯಿ ತೂಗುಹಾಕಿ ಕೆಳಗೆ ಬೆಂಕಿ ಹಾಕಿ ಮಾಡ್ತಿದ್ದಿದ್ದು. ಇದ್ರಲ್ಲಿ ಆಲೂಗಡ್ಡೆ, ಕ್ಯಾರೆಟ್, ಪಾರ್ಸ್ಲಿ ಬೇರು ಎಲ್ಲ ಬೀಳೋದ್ರಿಂದ ಅರ್ಧ ಕೆಜಿ ಮಾಂಸದಲ್ಲೇ ಆರು ಜನಕ್ಕೆ ಹೊಟ್ಟೆ ತುಂಬತ್ತೆ. ಕೊನೇಲಿ ಮೊಟ್ಟೆ ಮೈದಾ ಕಲಸಿದ ಗಟ್ಟಿ ಹಿಟ್ಟನ್ನ ಚಿವುಟಿ ಚಿವುಟಿ ಹಾಕ್ತಾರೆ, ಚಿಪೆಟ್ಕೆ ಅಂತಾರೆ, ಆ ಕೆಲ್ಸ ಮಕ್ಕಳಿಗೆ ಬಿಟ್ಟಿದೀನಿ, ಅರ್ಧ ಹಿಟ್ಟು ನೆಲಕ್ಕೆ ಹೋದ್ರೂ ತಾವೇ ಮಾಡಿದ್ದು ಅಂತ ತಟ್ಟೆ ಖಾಲಿ ಮಾಡ್ತಾರೆ. ಪ್ಯಾಪ್ರಿಕಾಗೆ ಅಲ್ಲಿ ಸೆಗೆಡ್, ಕಾಲೊಚಾ ಊರುಗಳು ಫೇಮಸ್, ನಮಗೆ ಬ್ಯಾಡಗಿ ಇದ್ದಂಗೆ. ಊರಿಂದ ತಂದ ಬ್ಯಾಡಗಿ ಪುಡೀನೂ ಹಾಕಿ ನೋಡ್ದೆ, ಬಣ್ಣ ಭರ್ಜರಿ ಬರತ್ತೆ, ಆದ್ರೆ ಪ್ಯಾಪ್ರಿಕಾ ಹಾಕೋ ಅಳತೇಲಿ ಅದನ್ನ ಹಾಕೋಕಾಗಲ್ಲ, ಕಮ್ಮಿ ಹಾಕಿದ್ರೆ ಆ ಸಿಹಿ, ಆ ಮಂದ ಬರಲ್ಲ. ಒಂದು ಚಮಚ ಬ್ಯಾಡಗಿ, ಮಿಕ್ಕಿದ್ದು ಸಿಹಿ ಪ್ಯಾಪ್ರಿಕಾ, ಇದು ನಮ್ಮನೆ ರಾಜಿ.

ಅಮೆರಿಕದ್ದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಕೈಮಾ, ಈರುಳ್ಳಿ, ಡಬ್ಬಿ ಟೊಮೇಟೊ, ಅದರಲ್ಲೇ ಹಸಿ ಮ್ಯಾಕರೋನಿ ಬೇಯತ್ತೆ, 40 ನಿಮಿಷಕ್ಕೆ ಊಟ ರೆಡಿ. ಮಕ್ಕಳಿಗೆ ಇದೇ ನಂಬರ್ ಒನ್, ನಂಗೆ ಟೊಮೇಟೊ ಪಾಸ್ತಾಗೆ ಗುಲಾಶ್ ಅಂತ ನಾಮಕರಣ ಮಾಡಿದಂಗೆ. ರಾತ್ರಿ ಮಿಕ್ಕಿದ್ರೆ ಬೆಳಿಗ್ಗೆ ಹೊತ್ತಿಗೆ ಮ್ಯಾಕರೋನಿ ರಸ ಎಲ್ಲ ಕುಡಿದು ಊದ್ಕೊಂಡಿರತ್ತೆ, ಎರಡು ಹೊತ್ತಿನ ಲೆಕ್ಕ ಅಲ್ಲೇ ಕೆಟ್ಟೋಯ್ತು.

ಈಗ ವಾರದ ಮಧ್ಯೆ ನಮ್ಮನೇಲಿ ಜಾಸ್ತಿ ಆಗೋದು ಆಲೂಗಡ್ಡೆದೇ. ಹಂಗೇರೀಲಿ ಕ್ರುಂಪ್ಲಿಪಾಪ್ರಿಕಾಶ್ ಅಂತಾರೆ, ಆಸ್ಟ್ರಿಯಾದೋರೂ ಇಂಥದ್ದೇ ಮಾಡ್ತಾರೆ. 1 ಕೆಜಿ ಆಲೂಗಡ್ಡೆ, 3 ದೊಡ್ಡ ಈರುಳ್ಳಿ, ಒಂದು ದಪ್ಪ ಮೆಣಸಿನಕಾಯಿ, ಒಂದು ಟೊಮೇಟೊ, 2 ತುಂಬಿದ ಚಮಚ ಪ್ಯಾಪ್ರಿಕಾ, ಹೊಗೆ ಹಾಕಿದ ಸಾಸೇಜ್ 150 ಗ್ರಾಂ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಅಷ್ಟೇ ಮಾಂಸ! ಆದ್ರೆ ಸಾಸೇಜ್ ಮೊದಲೇ ಹುರಿದು ಆ ಜಿಡ್ಡಲ್ಲೇ ಈರುಳ್ಳಿ ಬಾಡಿಸಿದ್ರೆ ಹೊಗೆ ವಾಸನೆ ಇಡೀ ಪಾತ್ರೆಗೆ ಹಬ್ಬತ್ತೆ. ಗಟ್ಟಿ ಇರೋ ಆಲೂಗಡ್ಡೆ ಜೊತೆ ಎರಡು ಬೇಗ ಒಡೆಯೋ ಜಾತೀದು ಸೇರಿಸಿ, ಅವು ಕರಗಿ ರಸ ಮಂದ ಆಗತ್ತೆ. ಮಾಂಸ ತಿನ್ನದ ಫ್ರೆಂಡ್ಸ್ ಬಂದ್ರೆ ಸಾಸೇಜ್ ಬಿಟ್ಟು, ಹೊಗೆ ಹಾಕಿದ ಪ್ಯಾಪ್ರಿಕಾ ಪುಡಿ ಅರ್ಧ ಚಮಚ ಜಾಸ್ತಿ ಹಾಕ್ತೀನಿ, ಯಾರೂ ಇದುವರೆಗೂ ಬೇಡ ಅಂದಿಲ್ಲ.

ಇನ್ನು ಮುದ್ದೆಗೆ ಯಾವ್ದು ಅಂತ ನಮ್ಮತ್ತೆ ಫೋನಲ್ಲಿ ಕೇಳ್ತಾನೇ ಇರ್ತಾರೆ. ವಿಯೆನ್ನಾದ್ದು, ಕಣ್ಮುಚ್ಕೊಂಡು. ಹಂಗೇರಿದೂ ನಡ್ಯತ್ತೆ, ಆದ್ರೆ ಚಿಪೆಟ್ಕೆ ಹಾಕೋಕೆ ಮುಂಚೆನೇ ನಿಮ್ಮ ಪಾಲು ಬೇರೆ ಪಾತ್ರೆಗೆ ತೆಗೆದಿಟ್ಕೊಳ್ಳಿ.